ಒರತೆಗೆ ಬೇಲಿ, ಹಕ್ಕಿಗೆ ಏಣಿ

ನಾನು ಚಳ್ಳಕೆರೆ ಸೀಮೆಯವನು. ವರ್ಷಕ್ಕೆ 500 ಮಿ.ಮೀ. ಮಳೆಯೂ ಕಾಣದ ನೆಲ. ಈಗ ನಾನಿರುವ ಅಮೆರಿಕದ ನೆವಾಡ ರಾಜ್ಯ ಅದಕ್ಕಿಂತ ಒಣ, ರಾಜ್ಯದ ಸರಾಸರಿಯೇ ಸುಮಾರು 250 ಮಿ.ಮೀ. ಹಂಬೋಲ್ಟ್ ನದಿ ಇಲ್ಲಿ ಕಡಲು ಸೇರುವುದೇ ಇಲ್ಲ, ಮರಳುಗಾಡಿನಲ್ಲೇ ಇಂಗಿ ಆರಿಹೋಗುತ್ತದೆ. ಇಂಥಲ್ಲೂ ದನ ಸಾಕುತ್ತಾರೆ.

ಕಳೆದ ಬೇಸಿಗೆಯಲ್ಲಿ ಎಲ್ಕೊ ಊರಿನಾಚೆ ಒಂದು ರಾಂಚಿಗೆ, ಅಂದರೆ ದನ ಸಾಕುವ ದೊಡ್ಡ ಜಮೀನಿಗೆ, ಹೋಗಿದ್ದೆ. ಗುಡ್ಡದ ಬುಡದಲ್ಲಿ ಬೊಗಸೆಯಷ್ಟು ಒರತೆ, ಸುತ್ತ ಬೇಲಿ. ದನ ಇಳಿದು ತುಳಿದರೆ ಒರತೆಯ ಕಣ್ಣೇ ಮುಚ್ಚಿಹೋಗುತ್ತದಂತೆ. ನೀರನ್ನು ಪೈಪಿನಲ್ಲಿ ಕೆಳಗೆ ತಂದು, ಗಣಿ ಲಾರಿಯ ಭಾರಿ ಟೈರನ್ನು ಮಲಗಿಸಿ ಮಾಡಿದ ತೊಟ್ಟಿಗೆ ಬಿಟ್ಟಿದ್ದರು. ತೊಟ್ಟಿಯೊಳಗೆ ಓರೆಯಾಗಿ ಕೂರಿಸಿದ ಕಬ್ಬಿಣದ ಜಾಲರಿ. ನೀರಿಗೆ ಬಿದ್ದ ಹಕ್ಕಿ, ಅಳಿಲು ಹತ್ತಿಕೊಂಡು ಬರಲಿ ಅಂತ. ಅದನ್ನೇ ತುಂಬ ಹೊತ್ತು ನೋಡುತ್ತ ನಿಂತೆ.

ಆದರೆ ಇಲ್ಲಿಯ ನೀರಿನ ಕಾನೂನು ನನ್ನ ಮನಸ್ಸಿಗೆ ಒಗ್ಗಿಲ್ಲ. ಮೊದಲು ಬಳಸಿದವನಿಗೆ ಮೊದಲ ಹಕ್ಕು. ಬರ ಬಂದರೆ ಹಳೆಯ ತಾರೀಖಿನವನ ಪಾಲು ಪೂರ್ತಿ ಸಂದ ಮೇಲೆ ಉಳಿದದ್ದಷ್ಟೇ ಹೊಸಬನಿಗೆ. ನಮ್ಮೂರ ಗೋಕಟ್ಟೆಗೆ ಯಾವ ಊರಿನ ಮಂದೆ ಬಂದರೂ ಯಾರೂ ತಾರೀಖು ಕೇಳುತ್ತಿರಲಿಲ್ಲ. ಬಾಯಾರಿದ ದನವನ್ನು ನೀರಿನಿಂದ ಎಬ್ಬಿಸಬಾರದು ಅನ್ನುತ್ತಿದ್ದಳು ಅಜ್ಜಿ.

ಹಾಗಂತ ನೀರಿನ ಹಕ್ಕು ಬರೆದಿಟ್ಟ ಕಾಗದಕ್ಕೆ ಬೆಲೆಯಿಲ್ಲ ಎನ್ನಲಾರೆ. 1989ರಲ್ಲಿ ಲಾಸ್ ವೇಗಸ್ ಕಡೆಯ ನೀರು ಸರಬರಾಜಿನವರು ಪೂರ್ವ ನೆವಾಡದ ಕಣಿವೆಗಳ ಅಂತರ್ಜಲವನ್ನು ಪೈಪ್‌ಲೈನಿನಲ್ಲಿ ತಮ್ಮ ಕಡೆಗೆ ಒಯ್ಯಬೇಕೆಂದು ಅರ್ಜಿ ಹಾಕಿದರು. ರಾಂಚಿನವರು, ಮೂಲನಿವಾಸಿಗಳು, ಪರಿಸರದವರು ಒಟ್ಟಾಗಿ ಕೋರ್ಟು ಹತ್ತಿದರು. ಮೂವತ್ತು ವರ್ಷ ಎಳೆದಾಡಿ 2020ರಲ್ಲಿ ಆ ಪೈಪ್‌ಲೈನ್ ಯೋಜನೆ ಬಿದ್ದುಹೋಯಿತು. ನೀರು ಎಲ್ಲಿ, ಎಷ್ಟು, ಯಾರದು ಎಂಬ ಲೆಕ್ಕ ಪುಸ್ತಕದಲ್ಲಿತ್ತು. ಹೋರಾಡುವವರ ಕೈಗೆ ಹಿಡಿ ಸಿಕ್ಕಿತ್ತು.

ನಮ್ಮ ಗೋಕಟ್ಟೆಗೆ ಅಂಥ ಹಿಡಿ ಇರಲಿಲ್ಲ. ಕೊಳವೆಬಾವಿ ಬಂದ ಮೇಲೆ ಹೂಳು ಎತ್ತುವವರಿಲ್ಲ, ನೀರು ಹರಿದು ಬರುತ್ತಿದ್ದ ಹಳ್ಳಕ್ಕೆ ಹೊಲ ಏರಿದೆ, ಏರಿಯ ಮೇಲೆ ಜಾಲಿ. ಎಲ್ಲರದೂ ಆದದ್ದು ಎಲ್ಲರದಾಗಿಯೇ ಉಳಿಯಲಿ, ಆದರೆ ಪಹಣಿಯಲ್ಲಿ ಗೋಕಟ್ಟೆ ಅಂತಲೇ ಬರೆದಿರಲಿ. ಹಳ್ಳದ ದಾರಿಯನ್ನೂ ಅಳೆದು ಕಲ್ಲು ನೆಡಲಿ. ಇಷ್ಟು ವರ್ಷ ಹೊರಗಿದ್ದು ನಾನು ಕೇಳುವುದು ಇಷ್ಟೇ.

ಸಂಕ್ರಾಂತಿಗೆ ಊರಿಗೆ ಹೋದಾಗ ಕೊಳವೆಬಾವಿಯ ಪಕ್ಕದ ಸಿಮೆಂಟು ತೊಟ್ಟಿಯಲ್ಲಿ ಸತ್ತ ಗೊರವಂಕವೊಂದು ತೇಲುತ್ತಿತ್ತು. ತೆಗೆದು ಹಾಕಿ, ಒಂದು ಚಪ್ಪಡಿ ಕಲ್ಲನ್ನು ತೊಟ್ಟಿಯ ಅಂಚಿನಿಂದ ತಳಕ್ಕೆ ಓರೆಯಾಗಿ ಇಳಿಸಿಟ್ಟು ಬಂದೆ.