ಕಪ್ ಗೆದ್ದ ಹುಡುಗಿ, ಕಬ್ಬಿನ ತರಗಿನ ಮೋಟರ್ರು

ಇವತ್ತು ಮಧ್ಯಾಹ್ನ ನಮ್ಮೂರ ಕೋರ್ಟ್ ಹಾಲಲ್ಲಿ ನನ್ನ ಕೇಸ್ ಕೂಗೋದನ್ನೇ ಕಾಯ್ತಾ ಕೂತಿದ್ದೆ. ಮುಂದೆ ನಿಂತಿದ್ದು ನಾನು ಪಾಠ ಮಾಡೋ ಲಾ ಕಾಲೇಜಿನ ನನ್ನದೇ ಹಳೇ ಸ್ಟೂಡೆಂಟು, ಮೂಟ್ ಕೋರ್ಟಲ್ಲಿ, ಅಂದ್ರೆ ಕಾಲೇಜಿನ ಅಣಕು ಕೋರ್ಟ್ ಸ್ಪರ್ಧೇಲಿ, ಬೆಸ್ಟ್ ಸ್ಪೀಕರ್ ಕಪ್ ಹೊಡೆದ ಹುಡುಗಿ. ಪಂಪ್‌ಸೆಟ್ ಮೋಟರ್ ಕಳ್ಳತನದ ಕೇಸು, ಆರೋಪಿ ಪರ ಇವಳು. ಕಟಕಟೆಯಲ್ಲಿ ಮಹಜರ್ ಪಂಚ, ಅಂದ್ರೆ ಪೊಲೀಸರು ಮಾಲು ವಶ ಮಾಡ್ಕೊಳ್ಳೋವಾಗ ಜೊತೆಗಿದ್ದು ಸೈನ್ ಹಾಕೋ ಸಾಕ್ಷಿ. ಚೀಫಲ್ಲಿ, ಅಂದ್ರೆ ಸರ್ಕಾರಿ ವಕೀಲರು ಮೊದಲು ಪ್ರಶ್ನೆ ಕೇಳೋವಾಗ, ಆತ "ಕಬ್ಬಿನ ಗದ್ದೆ ಹತ್ರ ಮೋಟರ್ ಸಿಕ್ತು, ಪೊಲೀಸರು ಬರ್ಕೊಂಡ್ರು, ನಾನು ಸೈನ್ ಹಾಕಿದೆ" ಅಂದಿದ್ದ, ಅಷ್ಟೇ. ಯಾರು ತೋರಿಸಿದ್ದು ಅಂತ ಅವನೂ ಹೇಳಿಲ್ಲ, ಸರ್ಕಾರಿ ವಕೀಲರಾದ ಎಪಿಪಿ ಸಾಹೇಬ್ರೂ ಕೇಳಿಲ್ಲ. ಆರೋಪಿ ತೋರಿಸಿ ಮಾಲು ಸಿಕ್ತು ಅನ್ನೋದರ ಮೇಲೇ ನಿಂತಿರೋ ರಿಕವರಿ ಕೇಸಲ್ಲಿ ಇದಕ್ಕಿಂತ ಲಾಟರಿ ಬೇಕಾ? "ನೀವು ಸೈನ್ ಹಾಕಿದ್ದು ಸ್ಟೇಷನ್ನಲ್ಲಿ ಅಂದ್ರೆ ಸರಿನಾ" ಅಂತ ಒಂದು ಸಜೆಷನ್ ಹಾಕಿ ಕೂತ್ಕೊಂಡಿದ್ರೆ ಮುಗೀತಿತ್ತು.

ಕೂರ್ಲಿಲ್ಲ ತಾಯಿ. "ಹಾಗಾದ್ರೆ ಮೋಟರ್ ಅಲ್ಲಿದೆ ಅಂತ ಪೊಲೀಸರಿಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿದ್ಲು.

"ಇವ್ನೇ ಅಲ್ವಾ ಸ್ವಾಮಿ, ಮುಂದೆ ಮುಂದೆ ಹೋಗಿ ತರಗು ಸರಿಸಿ ತೋರಿಸಿದ್ದು!"

ಜಡ್ಜ್ ಸಾಹೇಬ್ರು ಡಿಕ್ಟೇಟ್ ಮಾಡಿದ್ರು, ಟೈಪಿಸ್ಟ್ ಟಕಟಕ ಹೊಡೆದ್ರು, "ಆರೋಪಿಯೇ ಮುಂದೆ ಹೋಗಿ ಕಬ್ಬಿನ ತರಗನ್ನು ಸರಿಸಿ ಮೋಟಾರನ್ನು ತೋರಿಸಿದನು." ಎಪಿಪಿ ಮುಖದಲ್ಲಿ ಮದುವೆ ಮನೆ ಕಳೆ. ಆರೋಪಿ ಮಾತ್ರ ಏನಾಯ್ತು ಅಂತ ಗೊತ್ತಾಗದೆ ಲಾಯರಮ್ಮನ್ನೇ ನೋಡ್ತಾ ನಿಂತಿದ್ದ.

ನಂಗೆ ಹೊಟ್ಟೆ ಉರಿದಿದ್ದು ಯಾಕೆ ಗೊತ್ತಾ? ಆ ಕಪ್ ಇವಳು ಗೆದ್ದಿದ್ದೇ ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 27 ಮೇಲೆ. ಆರೋಪಿ ತೋರಿಸಿದ್ರಿಂದ ಸಿಕ್ಕ ಮಾಲು ಎಷ್ಟರಮಟ್ಟಿಗೆ ಸಾಕ್ಷ್ಯ ಅನ್ನೋದರ ಮೇಲೆ ಬ್ರಿಟಿಷರ ಕಾಲದ ದೊಡ್ಡ ಕೋರ್ಟಿನ ತೀರ್ಪನ್ನ, "ಪುಲುಕುರಿ ಕೊಟ್ಟಯ್ಯ, 1947, ಪ್ರಿವಿ ಕೌನ್ಸಿಲ್" ಅಂತ ಉಸಿರು ಬಿಡದೆ ಹೇಳಿದ್ಲು. ಈಗ ಹೊಸ ಸಾಕ್ಷ್ಯ ಅಧಿನಿಯಮ ಬಂದು ಅದು 23ಕ್ಕೆ ಹೋಗಿದೆ, ಅದೂ ಅವಳಿಗೆ ಗೊತ್ತು. ಗೊತ್ತಿಲ್ಲದೇ ಇದ್ದಿದ್ದು ಪಾಟಿ ಸವಾಲಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಅನ್ನೋದು ಮಾತ್ರ. ಯಾರು ಕಲಿಸ್ಬೇಕಿತ್ತು? ನಾನೇ. ಕಪ್ ಕೊಟ್ಟ ಜಡ್ಜುಗಳಲ್ಲೂ ನಾನಿದ್ದೆ, ಮುಚ್ಚಿಡೋದೇನು.

ಮೂಟ್ ಅಂದ್ರೆ ಏನು ಹೇಳಿ? ಎರಡು ಪುಟ ಫ್ಯಾಕ್ಟ್ಸ್ ಕೊಡ್ತೀವಿ, ಅದರಲ್ಲಿ ಯಾರೂ ಸುಳ್ಳು ಹೇಳಲ್ಲ, ಯಾರೂ "ಮರೆತೋಯ್ತು ಸ್ವಾಮಿ" ಅನ್ನಲ್ಲ, ಹುಡುಗರು ಬ್ಯಾಂಡ್ ಕಟ್ಕೊಂಡು "ಮಚ್ ಆಬ್ಲೈಜ್ಡ್ ಮೈ ಲಾರ್ಡ್" ಅಂತಾರೆ, ಫೋಟೋ ಬೀಳುತ್ತೆ. ವಕೀಲಿಕೆ, ಲಾ ಕಾಲೇಜು ಎರಡಕ್ಕೂ ನಿಯಮ ಮಾಡೋ ಬಾರ್ ಕೌನ್ಸಿಲ್‌ನ 2008ರ ರೂಲ್ಸಲ್ಲಿ ಮೂಟ್ ಕೋರ್ಟ್, ಇಂಟರ್ನ್‌ಶಿಪ್ ಸೇರಿದ ಪೇಪರ್‌ಗೆ ನೂರು ಮಾರ್ಕ್ಸು, ಮೂಟ್‌ಗೆ 30, ಎರಡು ಟ್ರಯಲ್ ಕೂತು ನೋಡಿ ಬರೆಯೋದಕ್ಕೆ 30, ಕಕ್ಷಿದಾರರನ್ನ ಮಾತಾಡಿಸೋದು, ಕೇಸ್ ತಯಾರಿ ನೋಡೋದಕ್ಕೆ 30, ಬಾಯಿ ಪರೀಕ್ಷೆ ವೈವಾಗೆ 10. ನೀಟಾಗೇ ಇದೆ. ಆದ್ರೆ ಸ್ವತಃ ನಿಂತ್ಕೊಂಡು ಒಬ್ಬ ಸಾಕ್ಷೀನ ಪಾಟಿ ಸವಾಲು ಮಾಡು ಅನ್ನೋದಕ್ಕೆ ಇದರಲ್ಲಿ ಎಷ್ಟು ಮಾರ್ಕ್ಸಿದೆ, ನೀವೇ ಹುಡುಕಿ.

ಇನ್ನು ಕಲಿಸೋರ ಕಥೆ. ಫುಲ್ ಟೈಮ್ ಸಂಬಳ ತಗೊಳ್ಳೋ ಮೇಷ್ಟ್ರು ಪ್ರಾಕ್ಟೀಸ್ ಮಾಡೋ ಹಾಗಿಲ್ಲ, ಬಾರ್ ಕೌನ್ಸಿಲ್ ರೂಲ್ 49. ವಕೀಲಿಕೆಯ ಸನ್ನದು ಅಮಾನತಿನಲ್ಲಿಡಬೇಕು. ದೆಹಲಿ ಹೈಕೋರ್ಟೂ 2002ರಲ್ಲಿ ಅದನ್ನೇ ಹೇಳಿದೆ. ನನ್ನಂಥ ವಕೀಲ ಪಾಠ ಮಾಡ್ಬಹುದು, ಆದ್ರೆ 1979ರ ನಿಯಮದ ಪ್ರಕಾರ ದಿನಕ್ಕೆ 3 ಗಂಟೆ ಮೀರಬಾರದು. ಆ ಮೂರು ಗಂಟೆಗೆ ಕಾಲೇಜು ಕೊಡೋದು ಪೆಟ್ರೋಲಿಗೆ ಸಾಕು, ಬಿಡಿ. ಅಲ್ಲಿಗೆ ಎವಿಡೆನ್ಸ್ ಪಾಠ ಮಾಡೋರಿಗೆ ಎಲ್‌ಎಲ್‌ಎಂ ಬೇಕು, ನೆಟ್ ಪರೀಕ್ಷೆಯೋ ಪಿಎಚ್‌ಡಿಯೋ ಬೇಕು, ಒಬ್ಬನೇ ಒಬ್ಬ ಸಾಕ್ಷೀನ ನೋಡಿರ್ಬೇಕು ಅಂತೇನಿಲ್ಲ. ತಮಾಷೆ ಅಂದ್ರೆ 2025ರ ಮೇನಲ್ಲಿ ಸುಪ್ರೀಂ ಕೋರ್ಟು ಸಿವಿಲ್ ಜಡ್ಜ್ ಪರೀಕ್ಷೆ ಬರೆಯೋಕೆ 3 ವರ್ಷ ಪ್ರಾಕ್ಟೀಸ್ ಕಡ್ಡಾಯ ಅಂತು. ಸಾಕ್ಷಿ ಹೇಳೋದನ್ನ ಬರೆಸಿಕೊಳ್ಳೋರಿಗೆ ಅನುಭವ ಬೇಕು, ಸಾಕ್ಷೀನ ಪ್ರಶ್ನೆ ಕೇಳೋದು ಹೇಗೆ ಅಂತ ಹೇಳಿಕೊಡೋರಿಗೆ ಮಾತ್ರ ಅನುಭವವೇ ನಿಷಿದ್ಧ!

ಕಾಲೇಜಿನ ಸ್ನೇಹಿತರು ಈಗ ಮೇಲೆ ಬೀಳ್ತಾರೆ, "ನಿಮ್ಮಂಥ ವಕೀಲರು ಕ್ಲಾಸಿಗೆ ಬರೋದೇ ಇಲ್ಲ, ಕೇಸ್ ಇದೆ ಅಂತ ಓಡ್ತೀರಿ" ಅಂತ. ಓಡ್ತೀವಿ. ಹೋದ ತಿಂಗಳು ನಾನೇ ಮೂರು ಕ್ಲಾಸ್ ತಪ್ಪಿಸಿದೀನಿ, ಪಾರ್ಟಿ ಹೈಕೋರ್ಟಿಗೆ ಕರ್ಕೊಂಡು ಹೋದ, ಹೋದೆ. ಅದಕ್ಕೇನೀಗ? ನಾನು ಮೂರು ದಿನ ಬರದೇ ಇದ್ದಿದ್ದಕ್ಕೂ ಸರ್ವಿಸ್ ಪೂರ್ತಿ ಕೋರ್ಟ್ ಮೆಟ್ಟಿಲು ಹತ್ತದೇ "ಲೀಡಿಂಗ್ ಕ್ವೆಶ್ಚನ್ ಅಂದ್ರೆ ಉತ್ತರ ಸೂಚಿಸುವ ಪ್ರಶ್ನೆ, ಬರ್ಕೊಳ್ಳಿ" ಅನ್ನೋದಕ್ಕೂ ಒಂದೇ ತೂಕನಾ?

ಹ್ಞಾಂ, ಟ್ರಯಲ್ ನೋಡಿ ಬರೆಯೋ ರೆಕಾರ್ಡ್ ಬುಕ್ ಅಂದ್ನಲ್ಲ. ಹೋದ ವರ್ಷ ಒಂದೇ ಸಂಜೆ ನಲವತ್ತು ಬುಕ್ಕಿಗೆ ಸೈನ್ ಹಾಕಿದೆ. ನಲವತ್ತರಲ್ಲೂ ಅದೇ ಕೊಲೆ ಕೇಸು, ನಲವತ್ತರಲ್ಲೂ "ಸಾಕ್ಷಿಯು ಪ್ರಮಾಣ ಸ್ವಿಕರಿಸಿದರು" ಅಂತ ಅದೇ ದೀರ್ಘ ಇಲ್ಲದ 'ಸ್ವಿ'. ಅಂದ್ರೆ ಕೋರ್ಟಿಗೆ ಒಬ್ಬ ಹೋಗಿದಾನೆ, ಅವನಾದ್ರೂ ಹೋಗಿದಾನೋ ಇಲ್ವೋ. ಗೊತ್ತಿದ್ದೂ ಸೈನ್ ಹಾಕಿದೆ, ಮನೆಯಲ್ಲಿ ಊಟಕ್ಕೆ ಕಾಯ್ತಿದ್ರು. ಮಹಜರ್ ಓದದೇ ಸೈನ್ ಹಾಕೋ ಪಂಚರನ್ನ ದಿನಾ ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸೋನು ನಾನು.

ಈಗ ಅರ್ಧ ಗಂಟೆ ಹಿಂದೆ ಆ ಹುಡುಗಿ ಫೋನ್ ಮಾಡಿದ್ಲು. "ಸಾರ್, ಪಂಚನ್ನ ರೀಕಾಲ್ ಮಾಡಿಸೋಕೆ ಅರ್ಜಿ ಹಾಕ್ಲಾ?" ಅಂತ.

"ಕರೆಸಿ ಏನ್ ಕೇಳ್ತೀಯ?"

"ಕತ್ತಲಲ್ಲಿ ಅಷ್ಟು ಸರಿಯಾಗಿ ಹೇಗೆ ಕಾಣಿಸ್ತು ಅಂತ..."

"ಮತ್ತೆ 'ಹೇಗೆ'ನಾ! ಟಾರ್ಚ್ ಇತ್ತು ಅಂತಾನೆ ಕಣಮ್ಮ, ಸುಮ್ನಿರು" ಅಂದೆ. ಪಾಪ, ಅತ್ತೇ ಬಿಟ್ಲು. ನಾಳೆ ಬೆಳಗ್ಗೆ ಏಳೂವರೆ ಕ್ಲಾಸಿಗೆ ಅವಳನ್ನೂ ಬಾ ಅಂದಿದೀನಿ. ನಮ್ಮ ಆಫೀಸ್ ಗುಮಾಸ್ತನ್ನ ಪಂಚ ಮಾಡಿ ಕುರ್ಚಿ ಮೇಲೆ ಕೂರಿಸ್ತೀನಿ, ಇಪ್ಪತ್ತು ವರ್ಷದಿಂದ ಸಾಕ್ಷಿಗಳನ್ನ ನೋಡ್ತಿರೋ ಆಸಾಮಿ, ಬಾಯಿ ಬಿಡಿಸಿ ನೋಡ್ಲಿ.