ಪಾವ್ ಕಿಲೋ ಹಿಂದಿ

ಜೈಪುರದ ತರಕಾರಿ ಗಾಡಿಯೊಂದರ ಮುಂದೆ ನಿಂತು "ಕೃಪಯಾ ಮುಝೇ ಆಧಾ ಕಿಲೋ ಭಿಂಡಿ ದೀಜಿಯೇ" ಎಂದು ಯಾರಾದರೂ ಕೇಳಿದರೆ, ಅವರು ಅಮೆರಿಕದಿಂದ ಹಿಂದಿ ಕಲಿಯಲು ಬಂದವರೆಂದು ತಿಳಿಯಬಹುದು. ಇಲ್ಲವೇ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪಾಸು ಮಾಡಿಕೊಂಡು ಕರ್ನಾಟಕದಿಂದ ಬಂದ ನನ್ನಂಥವರು. ಊರಿನವರು ಹಾಗೆಲ್ಲ ಬೇಡಿಕೊಳ್ಳುವುದಿಲ್ಲ. ಬೆಂಡೆಕಾಯಿಯ ತುದಿಯನ್ನು ಪಟ್ಟೆಂದು ಮುರಿದು, ಗಾಡಿಯವರ ಮುಖವನ್ನೂ ನೋಡದೆ, "ಭಿಂಡಿ ಕೈಸೇ ದೀ?" ಎನ್ನುತ್ತಾರೆ, ಅಂದರೆ ಬೆಂಡೆಕಾಯಿ ಹೇಗೆ ಕೊಟ್ಟಿರಿ ಎಂದು. ಇನ್ನೂ ಕೊಟ್ಟೇ ಇಲ್ಲದ ಬೆಂಡೆಕಾಯಿಗೆ ಭೂತಕಾಲ! ಯಾವ ಪರೀಕ್ಷೆಯಲ್ಲೂ ಇದನ್ನು ಕೇಳಿದ್ದು ನನಗೆ ನೆನಪಿಲ್ಲ.

ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಹಿಂದಿ ತರಗತಿಗಳು ಜೈಪುರದಲ್ಲಿ ನಡೆಯುತ್ತವೆ. ಚಳಿ ಬೇಕೆನ್ನುವವರಿಗೆ ಮಸ್ಸೂರಿಯ ಮೇಲೆ ಲಂಡೌರ್‌ನ ಭಾಷಾ ಶಾಲೆ ಇದೆ. ಬೇಸಿಗೆಯ ತಂಡದವರಂತೂ ಜೈಪುರ ಕಾದ ಕಾವಲಿಯಾಗಿರುವಾಗಲೇ ಬಂದಿಳಿಯುತ್ತಾರೆ. ತರಗತಿಯಲ್ಲಿ ಕಲಿತದ್ದನ್ನು ಆಡಿ ನೋಡಲು ಬಾಪೂ ಬಜಾರಿಗೆ ಹೋಗುತ್ತಾರೆ. ಅಲ್ಲಿ ಆಸೆ ಈಡೇರುವುದು ಕಷ್ಟ. ಸಾಂಗಾನೇರಿ ಗೇಟಿನಿಂದ ನ್ಯೂ ಗೇಟಿನವರೆಗಿನ ಆ ಸಾಲಿನಲ್ಲಿ ಮೋಜಡಿ ಎಂಬ ಚರ್ಮದ ಜೋಡು, ರಜಾಯಿ, ಲಹರಿಯಾ ಎಂಬ ಅಲೆಗೆರೆಯ ಬಟ್ಟೆ ಮಾರುವವರಿಗೆ ಬಿಳಿಯ ಮುಖ ಕಂಡರೆ ಇಂಗ್ಲಿಷ್ ಉಕ್ಕಿ ಬರುತ್ತದೆ. ಆ ತಂಡದ ಹುಡುಗಿಯೊಬ್ಬಳು ಲಿಂಗ, ವಚನ ಎಲ್ಲವನ್ನೂ ಸರಿಹೊಂದಿಸಿಕೊಂಡು "ಯೇ ಜೂತಿಯಾಂ ಕಿತನೇ ಕೀ ಹೈಂ?" ಎಂದು ಕೇಳಿದರೆ, "ಓನ್ಲಿ ಎಯ್ಟ್ ಹಂಡ್ರೆಡ್, ಮೇಡಂ" ಎಂಬ ಉತ್ತರ. ಅವಳು ಹಿಂದಿ ಬಿಡುವುದಿಲ್ಲ, ಅವನು ಇಂಗ್ಲಿಷ್ ಬಿಡುವುದಿಲ್ಲ. ಅವನದೂ ಅಭ್ಯಾಸವೇ ತಾನೇ, ಅದನ್ನು ತಪ್ಪಿಸಲು ನಾವು ಯಾರು? (ಹಳೆಯ ಪದ್ಧತಿಯ ಮೋಜಡಿಗೆ ಎಡ ಬಲ ಎಂಬ ಭೇದವಿಲ್ಲ, ಹಾಕಿಕೊಂಡ ಕಾಲೇ ಅದನ್ನು ಕಲಿಸಬೇಕು.)

ಹಾಗಾಗಿ ನನ್ನ ಸಲಹೆ ಯಾವಾಗಲೂ ತರಕಾರಿ ಗಾಡಿ. ಹಿಂದಿ ತಪ್ಪಾದರೂ ನಷ್ಟ ಹತ್ತಿಪ್ಪತ್ತು ರೂಪಾಯಿ ಮೀರುವುದಿಲ್ಲ. ಆದರೆ ಅಲ್ಲಿ ಸಂಖ್ಯೆಗಳು ಹೊಂಚು ಹಾಕಿ ಕುಳಿತಿರುತ್ತವೆ. ನಮ್ಮಲ್ಲಿ ಐವತ್ತರ ಜೊತೆ ಒಂಬತ್ತು ಸೇರಿದರೆ ಐವತ್ತೊಂಬತ್ತು, ಮುಗಿಯಿತು. ಹಿಂದಿಯ ಉನ್‌ಸಠ್ ಎಂದರೆ ಅರವತ್ತಕ್ಕೆ ಒಂದು ಕಡಿಮೆ. ಉನ್‌ಹತ್ತರ್ ಎಪ್ಪತ್ತಕ್ಕೆ ಒಂದು ಕಡಿಮೆ. ಸರಿ, ಸೂತ್ರ ಸಿಕ್ಕಿತು ಎಂದು ಹಿಗ್ಗುವಷ್ಟರಲ್ಲಿ 89 ನವಾಸೀ ಆಗಿ, 99 ನಿನ್ಯಾನವೇ ಆಗಿ ಕೈಕೊಡುತ್ತವೆ. ನೂರರವರೆಗೂ ಉರುಹೊಡೆಯದೆ ಗತಿಯಿಲ್ಲ. ನೂರು ದಾಟಿದ ಮೇಲಾದರೂ ನೆಮ್ಮದಿಯೇ ಎಂದರೆ ಡೇಢ್ ಸೌ (150), ಢಾಯೀ ಸೌ (250), ಪೌನೇ ದೋ ಸೌ (175) ಕಾದಿರುತ್ತವೆ. ಧಾರವಾಡದ ಕಡೆಯವಳಾದ್ದರಿಂದ ದೀಡನೂರು, ಅಡೀಚನೂರು, ಕಾಲು ಕಿಲೋಗೆ ಪಾವ್ ಕಿಲೋ, ಇವೆಲ್ಲ ನನಗೆ ಮನೆಯ ಮಾತುಗಳೇ. ಪ್ರಚಾರ ಸಭೆಯ ಮೂರು ಪರೀಕ್ಷೆಗಳಿಗಿಂತ ನಮ್ಮ ಸೂಪರ್ ಮಾರ್ಕೆಟ್ಟಿನ ಕಾಯಿಪಲ್ಲೆಯವರೇ ನನಗೆ ಇಲ್ಲಿ ಹೆಚ್ಚು ನೆರವಾದರು.

ಈಗ ಗಾಡಿಗಳಿಗೂ ಒಂದು ಪುಟ್ಟ ಪೆಟ್ಟಿಗೆ ಬಂದಿದೆ. ಮೊಬೈಲಿನಿಂದ ಹಣ ಬಿದ್ದೊಡನೆ ಎಷ್ಟು ಬಂತೆಂದು ಆಕಾಶವಾಣಿಯ ಗಾಂಭೀರ್ಯದಲ್ಲಿ ಸಾರುತ್ತದೆ. ಅಷ್ಟು ಸ್ಪಷ್ಟವಾಗಿ ಸಂಖ್ಯೆ ಹೇಳುವವರು ಇಡೀ ಬೀದಿಯಲ್ಲಿ ಬೇರೆ ಇಲ್ಲ. ನೋಟು ಎಣಿಸುತ್ತಾ ನಿಂತ ವಿದ್ಯಾರ್ಥಿಗಳು ಪಕ್ಕದವರ ಲೆಕ್ಕವನ್ನು ಕೇಳಿ, ತುಟಿಯಲ್ಲೇ ಒಪ್ಪಿಸಿಕೊಳ್ಳುವುದನ್ನು ಕಂಡಿದ್ದೇನೆ.

ನಾನು ಹೋಗುವ ಗಾಡಿಯ ಒಡತಿ ತನ್ನವರೊಡನೆ ಆಡುವುದು ಢೂಂಢಾಡಿ. ಅದು ಜೈಪುರ ಸೀಮೆಯ ಮಾತು. ಅದರ ವೇಗಕ್ಕೆ ನನ್ನ ಮಧ್ಯಮಾ ಸಾಲದು. ಗಿರಾಕಿ ಬಂದಾಗ ಆಕೆ ಹಿಂದಿಗೆ ಬದಲಾಗುತ್ತಾಳೆ. ಅಂದರೆ ಆಕೆ, ಅಮೆರಿಕದ ಹುಡುಗಿ, ನಾನು ಮೂವರೂ ಬದನೆಕಾಯಿಯ ಎದುರಿಗೆ ನಿಂತು ಆಡುವ ಹಿಂದಿ ಯಾರ ಮನೆಯದೂ ಅಲ್ಲ. ಆ ಧೈರ್ಯದಿಂದಲೇ ನಾನು ಅಲ್ಲಿ ಹೆಚ್ಚು ಮಾತಾಡುತ್ತೇನೆ.

ಬೆಲೆಗಿಂತ ಅಡುಗೆಯನ್ನು ಕೇಳಬೇಕು ಎಂಬುದು ನನ್ನ ಇನ್ನೊಂದು ಸಲಹೆ. ಬೆಲೆ ಕೇಳಿದರೆ ಸಿಗುವುದು ಒಂದೇ ಪದ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಟಿಂಡಾ ಎಂಬ ದುಂಡನೆಯ ಹಸಿರು ಕಾಯಿ ಎತ್ತಿ ಹಿಡಿದು, "ಇಸೇ ಕೈಸೇ ಬನಾತೇ ಹೈಂ?" ಎಂದಳು. ಗಾಡಿಯವಳು ತಕ್ಕಡಿ ಕೆಳಗಿಟ್ಟಳು. ಮೇಲಿನ ಸಿಪ್ಪೆ ಹೆರೆ, ನಾಲ್ಕು ಸೀಳು ಹಾಕು, ಬುಡ ಮಾತ್ರ ಬಿಡಿಸಬೇಡ, ಧನಿಯಾ, ಸೋಂಪು, ಅಮಚೂರ್ ತುಂಬು ಎಂದು ಗಾಳಿಯಲ್ಲೇ ಕೊಯ್ದು ತುಂಬಿ ತೋರಿಸಿದಳು. ಹುಡುಗಿ ಪುಸ್ತಕ ತೆಗೆದು ಬರೆದುಕೊಂಡಳು. ಪಕ್ಕದಲ್ಲಿ ಕೊತ್ತಂಬರಿ ಆರಿಸುತ್ತಿದ್ದ ಹೆಂಗಸು ಸುಮ್ಮನಿರಲಾರದೆ, ಟೊಮೆಟೊ ಹಾಕದಿದ್ದರೆ ಅದೇನು ಟಿಂಡಾ ಎಂದಳು. ತುಂಬಿದ ಟಿಂಡೆಗೆ ಯಾರಾದರೂ ಟೊಮೆಟೊ ಹಾಕುತ್ತಾರೆಯೇ ಎಂದು ಗಾಡಿಯವಳು. ನಮ್ಮತ್ತೆ ಹಾಕುತ್ತಿದ್ದರು ಎಂದು ಈಕೆ. ಅತ್ತೆಯ ಹೆಸರು ಬಂದ ಮೇಲೆ ಹಿಂದಿ ಹೋಗಿ ಢೂಂಢಾಡಿ ಬಂತು. ಹುಡುಗಿಯ ಪೆನ್ನು ನಿಂತಿತು.

ಕೊನೆಗೆ ಸ್ವಲ್ಪ ಬಿಡುವು ಸಿಕ್ಕಾಗ ಅವಳು ಕೃಪಯಾ ಗಿಪಯಾ ಏನೂ ಇಲ್ಲದೆ, "ತೋ ಟಮಾಟರ್ ಡಾಲೂಂ ಯಾ ನಹೀಂ?" ಎಂದು, ಟೊಮೆಟೊ ಹಾಕಲೋ ಬೇಡವೋ ಎಂದು, ಕೇಳಿಬಿಟ್ಟಳು.

ಗಾಡಿಯವಳು ಇಬ್ಬರನ್ನೂ ನೋಡಿದಳು, ರಾಶಿ ಬಿದ್ದಿದ್ದ ಟೊಮೆಟೊವನ್ನೂ ನೋಡಿದಳು. "ಡಾಲ್ ಲೇ ಬೇಟಾ, ಕಿತನಾ ತೋಲೂಂ?" (ಹಾಕಿಕೋ ಮಗು, ಎಷ್ಟು ತೂಗಲಿ?)