ಹತ್ತು ಲಕ್ಷದಲ್ಲಿ ಒಂದು: ಇದು ಯಾವ ಪ್ರಶ್ನೆಗೆ ಉತ್ತರ?

ಅಪರಾಧ ಸ್ಥಳದ ಮಾದರಿಯನ್ನು ಆರೋಪಿಯದರೊಂದಿಗೆ ಹೋಲಿಸಿದ ಡಿಎನ್‌ಎ ವರದಿಯಲ್ಲಿ "ಈ ಮಾದರಿ ಆಕಸ್ಮಿಕವಾಗಿ ಹೊಂದಿಕೆಯಾಗುವ ಸಂಭವ ಹತ್ತು ಲಕ್ಷದಲ್ಲಿ ಒಂದು" ಎಂದಿದ್ದರೆ, ಆರೋಪಿ ನಿರಪರಾಧಿಯಾಗಿರುವ ಸಂಭವವೂ ಅಷ್ಟೇ ಎಂದು ಬಹಳಷ್ಟು ಜನ ಅರ್ಥ ಮಾಡಿಕೊಳ್ಳುತ್ತಾರೆ. ಇವೆರಡೂ ಒಂದೇ ಮಾತಲ್ಲ. ಐದು ಕೋಟಿ ವಯಸ್ಕರಿರುವ ನಾಡಿನಲ್ಲಿ ಅಂಥ ಮಾದರಿ ಸುಮಾರು ಐವತ್ತು ಮಂದಿಯಲ್ಲಿ ಸಿಗುತ್ತದೆ. ಬೇರೆ ಯಾವ ಸಾಕ್ಷ್ಯವೂ ಇಲ್ಲದಿದ್ದರೆ ಆರೋಪಿ ಆ ಐವತ್ತರಲ್ಲಿ ಒಬ್ಬ, ಅಷ್ಟೆ. ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ 1996ರಲ್ಲೇ ಈ ತಪ್ಪನ್ನು ಎತ್ತಿ ತೋರಿಸಿತು. ಆದರೂ ಇಂದಿಗೂ ಸುದ್ದಿಗಳಲ್ಲಿ ಅದನ್ನೇ ಓದಬೇಕಾಗಿ ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಸಂಖ್ಯೆ ಹುಟ್ಟುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಮ್ಮ ವರ್ಣತಂತುಗಳ ಕೆಲವು ಗೊತ್ತಾದ ತಾಣಗಳಲ್ಲಿ, ಹೆಚ್ಚಾಗಿ ಡಿಎನ್‌ಎಯ ನಾಲ್ಕು ರಾಸಾಯನಿಕ ಅಕ್ಷರಗಳ ತುಣುಕೊಂದು ಸಾಲಾಗಿ ಮರುಕಳಿಸುತ್ತದೆ. ಒಬ್ಬನಿಗೆ ಒಂದು ತಾಣದಲ್ಲಿ ತಾಯಿಯಿಂದ 6 ಮರುಕಳಿಕೆಯ ಪ್ರತಿಯೂ ತಂದೆಯಿಂದ 9 ಮರುಕಳಿಕೆಯ ಪ್ರತಿಯೂ ಬಂದಿವೆ ಎನ್ನೋಣ. ಜನಸಮುದಾಯದಲ್ಲಿ ಮೊದಲನೆಯದರ ಪ್ರಮಾಣ ಶೇ. 20, ಎರಡನೆಯದರದು ಶೇ. 10 ಆಗಿದ್ದರೆ, ಎರಡನ್ನೂ ಗುಣಿಸಿ, ಯಾವುದು ಯಾರಿಂದ ಬಂತೆಂದು ವರದಿ ಹೇಳಲಾರದ ಕಾರಣ ಮತ್ತೆ ಎರಡರಿಂದ ಗುಣಿಸಿದಾಗ ಶೇ. 4, ಅಂದರೆ 25 ಜನರಲ್ಲಿ ಒಬ್ಬ ಎಂದಾಗುತ್ತದೆ. ಇಂಥ ಹತ್ತು ತಾಣಗಳನ್ನು ಒಂದಕ್ಕೊಂದು ಗುಣಿಸಿದರೆ ತೊಂಬತ್ತೈದು ಲಕ್ಷ ಕೋಟಿಯಲ್ಲಿ ಒಂದು! ಅಮೆರಿಕದಲ್ಲಿ 2017ರಿಂದ ಇಪ್ಪತ್ತು ತಾಣಗಳನ್ನು ನೋಡುತ್ತಾರೆ.

ಆದರೆ ಈ ಲೆಕ್ಕ ನಿಂತಿರುವುದು ರಕ್ತಸಂಬಂಧವಿಲ್ಲದ ಅಪರಿಚಿತನ ಮೇಲೆ. ಅದೇ ತಾಣದಲ್ಲಿ ಆರೋಪಿಯ ಒಡಹುಟ್ಟಿದವನು ಹೊಂದಿಕೆಯಾಗುವ ಸಂಭವ 25ರಲ್ಲಿ ಒಂದಲ್ಲ, ಸುಮಾರು ಮೂರರಲ್ಲಿ ಒಂದು. ಏಕೆಂದರೆ ಇಬ್ಬರೂ ತಂದೆತಾಯಿಯರಿಂದ ಅವೇ ಎರಡು ಪ್ರತಿಗಳನ್ನು ಪಡೆದಿರುವ ಸಾಧ್ಯತೆ ಆ ಪ್ರತಿಗಳು ಎಷ್ಟೇ ವಿರಳವಾಗಿದ್ದರೂ ಕಾಲು ಭಾಗ ಇದ್ದೇ ಇರುತ್ತದೆ. ಸೋದರನ ಮೇಲೆ ಸಂಶಯವಿರುವ ಪ್ರಕರಣದಲ್ಲಿ ಈ ಎರಡನೆಯ ಲೆಕ್ಕವನ್ನು ಕೊಡದ ವರದಿಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ವಿಧಾನವನ್ನೇ ಅನುಮಾನಿಸುತ್ತಿಲ್ಲ. ತಳಿವಿಜ್ಞಾನಿ ಅಲೆಕ್ ಜೆಫ್ರೀಸ್ 1984ರಲ್ಲಿ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡ, ಡಿಎನ್‌ಎಯಿಂದ ಗುರುತು ಹಚ್ಚುವ ತಂತ್ರವನ್ನು ಕೊಲೆ ಪ್ರಕರಣವೊಂದರಲ್ಲಿ ಮೊದಲ ಬಾರಿ ಬಳಸಿದಾಗ, ಅದು ಮೊದಲು ಮಾಡಿದ ಕೆಲಸ ತಪ್ಪೊಪ್ಪಿಕೊಂಡಿದ್ದ ಹದಿಹರೆಯದವನೊಬ್ಬನನ್ನು ಬಿಡಿಸಿದ್ದು. ಹೊಂದಿಕೆಯಾಗದಿರುವುದು ಹೊಂದಿಕೆಗಿಂತ ಎಷ್ಟೋ ಸಲ ಬಲವಾದ ಸಾಕ್ಷ್ಯ ಎಂಬುದನ್ನು ನಾವು ಮರೆಯುತ್ತೇವೆ.

1999ರಲ್ಲಿ ಬ್ರಿಟನ್ನಿನಲ್ಲಿ, ಆರು ತಾಣಗಳು ಹೊಂದಿದವೆಂದು, 3.7 ಕೋಟಿಯಲ್ಲಿ ಒಂದು ಎಂಬ ಸಂಖ್ಯೆಯನ್ನು ನಂಬಿ, ಪಾರ್ಕಿನ್ಸನ್ ಕಾಯಿಲೆ ಬಲಿತಿದ್ದ ವ್ಯಕ್ತಿಯೊಬ್ಬರನ್ನು ದೂರದೂರಿನ ಕಳ್ಳತನಕ್ಕಾಗಿ ಬಂಧಿಸಿದರು. ಹತ್ತು ತಾಣಗಳನ್ನು ನೋಡಿದಾಗ ಹೊಂದಿಕೆ ಉಳಿಯಲಿಲ್ಲ. ಹೀಗೆ ಪೊಲೀಸರ ಡಿಎನ್‌ಎ ದತ್ತಸಂಚಯದ ಲಕ್ಷಾಂತರ ಹೆಸರುಗಳನ್ನು ಜಾಲಾಡಿ ಒಬ್ಬನನ್ನು ಹೆಕ್ಕಿದಾಗ ಆಕಸ್ಮಿಕ ಹೊಂದಿಕೆಗೆ ಅಷ್ಟೂ ಅವಕಾಶಗಳಿರುತ್ತವೆ.

ತಾಣಗಳು ಹೆಚ್ಚಾದ ಮೇಲೆ ಆ ಬಗೆಯ ತಪ್ಪು ಅಪರೂಪ, ನಿಜ. ಆದರೆ ಕೋಟಿಗಳ ಆ ಸಂಖ್ಯೆಯಲ್ಲಿ ಕೈತಪ್ಪಿನ ಸಂಭವ ಸೇರಿಲ್ಲ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು ನಲವತ್ತು ಅಪರಾಧ ಸ್ಥಳಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿ, ಪೊಲೀಸರು ವರ್ಷಗಟ್ಟಲೆ ಅವಳ ಬೆನ್ನುಹತ್ತಿದರು. ಹೊಂದಿಕೆಯಲ್ಲಿ ತಪ್ಪಿರಲಿಲ್ಲ, ಎಲ್ಲೆಡೆ ಸಿಕ್ಕಿದ್ದು ನಿಜಕ್ಕೂ ಒಬ್ಬಳದೇ ಡಿಎನ್‌ಎ. ಮಾದರಿ ಒರೆಸಿ ತೆಗೆಯುವ ಹತ್ತಿಯ ಕಡ್ಡಿಗಳಿಗೆ ಅದು ತಯಾರಿಕೆಯ ಹಂತದಲ್ಲೇ ಅಂಟಿಕೊಂಡಿತ್ತೆಂದು 2009ರಲ್ಲಿ ತಿಳಿಯಿತು.